2026ಕ್ಕೆ ಮನೆಯ ಒಳಾಂಗಣ: ಹೊಸ ಟ್ರೆಂಡ್‌ಗಳಲ್ಲಿ ನಮಗೆ ಯಾವುದು ಬೇಕು, ಯಾವುದು ಬೇಡ

ಕಳೆದ ಹತ್ತು ವರ್ಷದಲ್ಲಿ ಕಟ್ಟಿದ ಫ್ಲ್ಯಾಟ್‌ಗಳ ಒಳಗೆ ಹೋದರೆ ಸಾಮಾನ್ಯವಾಗಿ ಒಂದೇ ನೋಟ. ಬೂದು ಗೋಡೆ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಮಿರುಗುವ ಕಿಚನ್ ಬಾಗಿಲು, ಟಿವಿ ಹಿಂದೆ ನೀಲಿ ಸ್ಟ್ರಿಪ್ ಲೈಟ್. ಈಗ ಗಾಳಿ ಬದಲಾಗಿದೆ. 2026ಕ್ಕೆ ಡಿಸೈನರ್‌ಗಳು ತೋರಿಸುತ್ತಿರುವ ಮನೆಗಳಲ್ಲಿ ಮಣ್ಣಿನ ಬಣ್ಣ, ಸುಣ್ಣದ ಗೋಡೆ, ಬೆತ್ತದ ಬಾಗಿಲು, ಹೊಳಪಿಲ್ಲದ ಮರ, ದುಂಡಗಿನ ಅಂಚು, ಹಳದಿ ಬೆಳಕು, ಕೈಮಗ್ಗದ ಬಟ್ಟೆ ಜಾಸ್ತಿ. ಅಜ್ಜಿ ಮನೆ ನೋಡಿದವರಿಗೆ ಇದರಲ್ಲಿ ಅರ್ಧ ಹೊಸದೇ ಅಲ್ಲ.

ಟ್ರೆಂಡ್‌ಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಅದನ್ನು ನಮ್ಮ ಮನೆಗೆ ಯಾವ ಕ್ರಮದಲ್ಲಿ ತರಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಇಲ್ಲಿ ಹೇಳಿದ್ದೇನೆ. ನನ್ನ ಲೆಕ್ಕದಲ್ಲಿರುವುದು ಸಾವಿರದಿಂದ ಸಾವಿರದ ಇನ್ನೂರು ಚದರಡಿಯ, ಎರಡು ಬೆಡ್‌ರೂಮಿನ ಮನೆ. ದಿನಾ ಒಗ್ಗರಣೆ ಹಾಕುವ, ದೀಪ ಹಚ್ಚುವ, ನೆಂಟರು ಬಂದರೆ ಹಾಲ್‌ನಲ್ಲಿ ಹಾಸಿಗೆ ಹಾಸುವ ಮನೆ.

ಹಂತ 1: ಯಾವ ವಸ್ತುವಿಗೆ ಎಷ್ಟು ಆಯಸ್ಸು ಅಂತ ಬರೆದುಕೊಳ್ಳಿ

ಪ್ಯಾಂಟೋನ್ ಅನ್ನುವ ಅಮೆರಿಕದ ಬಣ್ಣದ ಸಂಸ್ಥೆ ಪ್ರತಿ ವರ್ಷದ ಕೊನೆಗೆ ಮುಂದಿನ ವರ್ಷದ ಬಣ್ಣವನ್ನು ಘೋಷಿಸುತ್ತದೆ. 2023ಕ್ಕೆ ವಿವಾ ಮಜೆಂಟಾ, ಕಣ್ಣಿಗೆ ಹೊಡೆಯುವ ಕೆಂಪು. 2024ಕ್ಕೆ ಪೀಚ್ ಫಜ್. 2025ಕ್ಕೆ ಮೋಕಾ ಮೂಸ್, ಹಾಲು ಜಾಸ್ತಿ ಹಾಕಿದ ಕಾಫಿಯ ಕಂದು. 2026ಕ್ಕೆ ಕ್ಲೌಡ್ ಡ್ಯಾನ್ಸರ್, ಅಂದರೆ ಬಿಳಿ. ಮೂರೇ ವರ್ಷದಲ್ಲಿ ಕೆಂಪಿನಿಂದ ಬಿಳಿಗೆ ಬಂದಾಯಿತು. 2023ರಲ್ಲಿ ಮಜೆಂಟಾ ಕುಶನ್ ಕೊಂಡವರಿಗೆ ನಷ್ಟ ಏನಿಲ್ಲ, ಕವರ್ ಬದಲಾಯಿಸಿದರೆ ಮುಗಿಯಿತು. ಮಜೆಂಟಾ ಲ್ಯಾಮಿನೇಟಿನ ವಾರ್ಡ್‌ರೋಬ್ ಮಾಡಿಸಿದವರು ಇನ್ನೂ ಹತ್ತು ವರ್ಷ ಅದನ್ನೇ ನೋಡಬೇಕು.

ಹಾಗಾಗಿ ಮೊದಲ ಕೆಲಸ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯುವುದು. ವೈರಿಂಗ್, ಪೈಪು, ನೆಲ: ಇಪ್ಪತ್ತು ವರ್ಷದ ಬಾಬ್ತು. ಕಿಚನ್, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್: ಹತ್ತು-ಹನ್ನೆರಡು ವರ್ಷ. ಗೋಡೆಯ ಬಣ್ಣ, ಪರದೆ, ಸೋಫಾ ಬಟ್ಟೆ: ನಾಲ್ಕೈದು ವರ್ಷ. ಕುಶನ್, ಜಮಖಾನ, ದೀಪದ ಶೇಡ್, ಗಿಡ, ಗೋಡೆಗೆ ತೂಗುಹಾಕುವುದು: ಮನಸ್ಸು ಬಂದಾಗ ಬದಲು. ಟ್ರೆಂಡ್ ಏನಿದ್ದರೂ ಕೊನೆಯ ಎರಡು ಸಾಲಿನಲ್ಲಿ ಆಡಿ. ಮೊದಲ ಎರಡು ಸಾಲಿನಲ್ಲಿ ದುಡ್ಡನ್ನು ಗುಣಮಟ್ಟಕ್ಕೆ ಹಾಕಿ, ನೋಟವನ್ನು ಸಾದಾ ಇಡಿ. ಮುಂದೆ ಬರುವ ಪ್ರತಿ ಹಂತದಲ್ಲೂ ಈ ಹಾಳೆ ಕೈಯಲ್ಲಿರಲಿ. ಅಂಗಡಿಯಲ್ಲಿ ಯಾರಾದರೂ "ಈಗ ಇದೇ ಓಡ್ತಿರೋದು ಸಾರ್" ಅಂದ ತಕ್ಷಣ ಅದು ಎಷ್ಟನೇ ಸಾಲಿಗೆ ಸೇರುತ್ತದೆ ಅಂತ ನೋಡಿ.

ಹಂತ 2: ಅಳತೆ, ಬಿಸಿಲು, ಮನೆಯವರ ಅಭ್ಯಾಸ

ಬಿಲ್ಡರ್ ಕೊಟ್ಟ ನಕ್ಷೆಯನ್ನು ನಂಬಿ ಸೋಫಾ ಕೊಳ್ಳಬೇಡಿ. ಟೇಪ್ ಹಿಡಿದು ಕೋಣೆಯ ಉದ್ದಗಲ, ಬಾಗಿಲು ತೆರೆದಾಗ ತಿನ್ನುವ ಜಾಗ, ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಬೀಮ್ ಎಲ್ಲಿ ಇಳಿದಿದೆ, ಸ್ವಿಚ್ ಎಲ್ಲಿದೆ ಎಲ್ಲ ಬರೆದುಕೊಳ್ಳಿ. ಲಿಫ್ಟ್ ಬಾಗಿಲಿನ ಅಗಲವನ್ನೂ ಅಳೆಯಿರಿ. ಓಡಾಡುವ ದಾರಿಗೆ ಮೂರಡಿ, ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ, ಊಟದ ಕುರ್ಚಿ ಹಿಂದಕ್ಕೆ ಎಳೆಯಲು ಎರಡೂವರೆಯಿಂದ ಮೂರಡಿ. ನೆಲದ ಮೇಲೆ ಹಳೇ ಪೇಪರ್ ಹಾಸಿ ಸೋಫಾದ ಆಕಾರ ಮಾಡಿ, ಸುತ್ತ ಒಂದು ದಿನ ಓಡಾಡಿ. ಖರ್ಚಿಲ್ಲದ ಪರೀಕ್ಷೆ.

ಬಿಸಿಲನ್ನೂ ಗಮನಿಸಿ. ಪಶ್ಚಿಮದ ಕಿಟಕಿ ಇರುವ ಕೋಣೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಗೋಡೆಯ ಬಣ್ಣವೇ ಬೇರೆ ಕಾಣುತ್ತದೆ. ಆ ಗೋಡೆಗೆ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಬಣ್ಣ, ಬಳಿದರೆ ಸಂಜೆ ಹೊತ್ತು ಕೋಣೆ ಕಾದ ಕಾವಲಿ ಥರ ಆಗುತ್ತದೆ. ಅದೇ ಬಣ್ಣ ಉತ್ತರದ ಬೆಳಕಿನ ಕೋಣೆಯಲ್ಲಿ ಹಿತವಾಗಿರುತ್ತದೆ.

ಆಮೇಲೆ ಅಭ್ಯಾಸಗಳ ಪಟ್ಟಿ. ಇದನ್ನು ಡಿಸೈನರ್ ಕೇಳುವುದಿಲ್ಲ, ನೀವೇ ಹೇಳಬೇಕು. ದಸರಾಕ್ಕೆ ಗೊಂಬೆ ಕೂರಿಸುತ್ತೀರಾ? ಹಾಗಿದ್ದರೆ ಹಾಲ್‌ನಲ್ಲಿ ಒಂದು ಗೋಡೆಯ ಮುಂದೆ ಐದಾರು ಅಡಿ ಖಾಲಿ ಮಾಡಲು ಬರುವಂತಿರಬೇಕು, ಗೊಂಬೆ ಪೆಟ್ಟಿಗೆಗೆ ಲಾಫ್ಟ್‌ನಲ್ಲಿ ಜಾಗ ಬೇಕು. ಗ್ರೈಂಡರ್ ಇದೆಯಾ, ಎಷ್ಟು ಲೀಟರಿನದು? ಪಾತ್ರೆ ಉಜ್ಜುವುದು ಸಿಂಕ್‌ನಲ್ಲೋ ಯುಟಿಲಿಟಿಯಲ್ಲೋ? ನೆಲದ ಮೇಲೆ ಕೂತು ಊಟ ಮಾಡುವ ಹಿರಿಯರು ಇದ್ದಾರಾ? ಮೊಣಕಾಲು ನೋವಿರುವ ಅಮ್ಮನಿಗೆ ಈಗಿನ ಫ್ಯಾಶನ್ನಿನ ಹದಿನಾಲ್ಕು ಇಂಚು ಎತ್ತರದ ಸೋಫಾದಿಂದ ಏಳುವುದು ಶಿಕ್ಷೆ. ಹದಿನೇಳು-ಹದಿನೆಂಟು ಇಂಚಿನದು ನೋಡಿ.

ಹಂತ 3: ಬೆಳಕು ಮತ್ತು ವೈರಿಂಗ್

ಒಂದೇ ಒಂದು ಟ್ರೆಂಡ್ ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಅಂದರೆ ನಾನು ಬೆಳಕನ್ನೇ ಹೇಳುತ್ತೇನೆ. ಚಾವಣಿ ನಡುವೆ ಒಂದು ಬೆಳ್ಳನೆ ಟ್ಯೂಬ್‌ಲೈಟ್ ಇರುವ ಕಾಲ ಮುಗಿಯಿತು. ಈಗ ಒಂದೇ ಕೋಣೆಯಲ್ಲಿ ಮೂರು ಥರದ ಬೆಳಕು ಇಡುತ್ತಾರೆ: ಕೋಣೆಗೆಲ್ಲ ಹರಡುವುದು, ಕೆಲಸಕ್ಕೆ ಬೇಕಾದ ಕಡೆ ಬೀಳುವುದು, ಸಂಜೆ ಸುಮ್ನೆ ಕೂರಲು ಮೂಲೆಯ ದೀಪ. ಮೂರಕ್ಕೂ ಬೇರೆ ಬೇರೆ ಸ್ವಿಚ್.

ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 2700ರಿಂದ 3000 ಹಳದಿ ಬೆಳಕು, ಹಾಲ್‌ಗೂ ಬೆಡ್‌ರೂಮಿಗೂ ಇದು. 4000 ನಡುವಿನದು, ಅಡುಗೆಮನೆ ಮತ್ತು ಓದುವ ಮೇಜಿಗೆ ಸರಿ. 6500 ಆಸ್ಪತ್ರೆ ಬಿಳಿ. ಹಳದಿ ಬೆಳಕು ಅಂದರೆ ಮಂದ ಬೆಳಕು ಅನ್ನುವ ತಪ್ಪು ಕಲ್ಪನೆ ಹಲವರಿಗಿದೆ. ಪ್ರಕಾಶ ಎಷ್ಟು ಅನ್ನುವುದನ್ನು ಲ್ಯೂಮೆನ್ ಹೇಳುತ್ತದೆ, ಬಣ್ಣ ಯಾವುದು ಅನ್ನುವುದನ್ನು ಕೆಲ್ವಿನ್ ಹೇಳುತ್ತದೆ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಹಾಲ್‌ಗೆ ಎಲ್ಲ ದೀಪ ಸೇರಿ ಎರಡೂವರೆಯಿಂದ ಮೂರು ಸಾವಿರ ಲ್ಯೂಮೆನ್ ಇದ್ದರೆ ಸಾಕು. ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಸುಮಾರು ಒಂಬೈನೂರು ಕೊಡುತ್ತದೆ, ಲೆಕ್ಕ ಹಾಕಿಕೊಳ್ಳಿ. ಸಿಆರ್‌ಐ ಅನ್ನುವ ಇನ್ನೊಂದು ಸಂಖ್ಯೆಯನ್ನೂ ನೋಡಿ, ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅಂತ ಅದು ಹೇಳುತ್ತದೆ. ವಾರ್ಡ್‌ರೋಬ್ ಮುಂದೆ, ಕನ್ನಡಿ ಹತ್ತಿರ 90 ಅಥವಾ ಅದಕ್ಕಿಂತ ಮೇಲಿನದು ಹಾಕಿ. ಇಲ್ಲದಿದ್ದರೆ ಮನೆಯಲ್ಲಿ ಒಂದು ಬಣ್ಣ ಕಂಡ ಸೀರೆ ಮದುವೆ ಮಂಟಪದಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ.

ಇದಕ್ಕೆಲ್ಲ ವೈರಿಂಗ್ ಮೊದಲೇ ಆಗಬೇಕು. ಸೋಫಾದ ಎರಡೂ ಬದಿ, ಹಾಸಿಗೆಯ ಎರಡೂ ಬದಿ ಪಾಯಿಂಟ್. ಮಲಗಿದಲ್ಲಿಂದಲೇ ಆರಿಸಲು ಟೂ-ವೇ ಸ್ವಿಚ್. ಅಡುಗೆಮನೆಯಲ್ಲಿ ಮಿಕ್ಸಿ, ಗ್ರೈಂಡರ್, ನೀರಿನ ಫಿಲ್ಟರ್, ಫ್ರಿಜ್, ಚಿಮ್ನಿಗೆ ಬೇರೆ ಬೇರೆ ಪಾಯಿಂಟ್. ಇಂಡಕ್ಷನ್ ಮತ್ತು ಓವನ್‌ಗೆ 16 ಆಂಪಿಯರಿನದು. ದೇವರ ಮನೆಗೆ ಒಂದು. ಬಾಲ್ಕನಿಗೆ ಒಂದು, ದೀಪಾವಳಿಯಲ್ಲಿ ಕಿಟಕಿ ಸಂದಿನಿಂದ ವೈರ್ ಎಳೆಯುವುದು ತಪ್ಪುತ್ತದೆ. ಗೋಡೆ ಕೊರೆದು ಪೈಪ್ ಹಾಕಿದ ಮೇಲೆ, ಸಿಮೆಂಟ್ ಮುಚ್ಚುವ ಮೊದಲು, ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಮುಂದೆ ಮೊಳೆ ಹೊಡೆಯುವಾಗ ಆ ಫೋಟೋ ನಿಮ್ಮನ್ನು ಕಾಪಾಡುತ್ತದೆ.

ಫಾಲ್ಸ್ ಸೀಲಿಂಗ್ ಬೇಕೇ ಬೇಕಾ? ನಮ್ಮ ಫ್ಲ್ಯಾಟ್‌ಗಳ ಎತ್ತರ ಸಾಮಾನ್ಯವಾಗಿ ಒಂಬತ್ತೂವರೆ ಅಡಿಯ ಆಸುಪಾಸು. ಇಡೀ ಚಾವಣಿ ಆರು ಇಂಚು ಇಳಿಸಿದರೆ ತಲೆ ಮೇಲೆ ಕೂತಂತೆ ಆಗುತ್ತದೆ. ಮೂರು ಹಂತದ, ಬಣ್ಣ ಬಣ್ಣದ ಲೈಟಿನ ಸೀಲಿಂಗ್ ಹೇಗೂ ಹಳತಾಯಿತು. ಗೋಡೆಯಂಚಿಗೆ ಮಾತ್ರ ಒಂದೂವರೆ ಅಡಿ ಅಗಲದ ಪಟ್ಟಿ ಮಾಡಿಸಿ, ಒಳಗೆ ಹಳದಿ ಸ್ಟ್ರಿಪ್ ಇಟ್ಟರೆ ಸಾಕು. ಸ್ಟ್ರಿಪ್‌ನ ಡ್ರೈವರ್, ಅಂದರೆ ಅದಕ್ಕೆ ಕರೆಂಟು ಹೊಂದಿಸಿ ಕೊಡುವ ಚಿಕ್ಕ ಡಬ್ಬ, ಕೈಗೆ ಸಿಗುವ ಕಡೆ ಇರಲಿ. ಮೊದಲು ಕೆಡುವುದು ಅದೇ. ಫ್ಯಾನ್ ಬದಲಾಯಿಸುವುದಾದರೆ ಕಡಿಮೆ ಕರೆಂಟು ಎಳೆಯುವ ಮೋಟಾರಿನ ಬಿಎಲ್‌ಡಿಸಿ ತೆಗೆದುಕೊಳ್ಳಿ. ಹಳೇ ಫ್ಯಾನ್ 70-75 ವ್ಯಾಟ್ ಎಳೆಯುತ್ತದೆ, ಇದು 30ರ ಆಸುಪಾಸು.

ಉಯ್ಯಾಲೆ ಮತ್ತೆ ಬಂದಿದೆ, ಸಂತೋಷ. ಆದರೆ ಕೊಕ್ಕೆಯನ್ನು ಕಾಂಕ್ರೀಟ್ ಸ್ಲ್ಯಾಬಿಗೆ ಅಥವಾ ಬೀಮಿಗೆ ಹಾಕಿಸಬೇಕು, ಅದೂ ಫಾಲ್ಸ್ ಸೀಲಿಂಗ್ ಮಾಡುವ ಮೊದಲು. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೋರ್ಡಿಗೆ ಯಾವತ್ತೂ ಅಲ್ಲ. ಹಿಂದೆ ಮುಂದೆ ಮೂರು ಮೂರು ಅಡಿ ಖಾಲಿ ಇಲ್ಲದಿದ್ದರೆ ಆಸೆ ಬಿಟ್ಟುಬಿಡಿ.

ಹಂತ 4: ನೆಲ

ಕೆಂಪು ಗಾರೆಯ ನೆಲ, ಅಂದರೆ ರೆಡ್ ಆಕ್ಸೈಡ್, ಈಗ ಎಲ್ಲರ ಬಾಯಲ್ಲಿದೆ. ಸ್ವಂತ ಮನೆ ಕಟ್ಟುವವರು, ನುರಿತ ಗಾರೆಯವರು ಸಿಕ್ಕಿದರೆ, ಖಂಡಿತ ಮಾಡಿಸಿ. ಸಿಮೆಂಟ್ ಮತ್ತು ಬಣ್ಣದ ಪುಡಿ ಕಲಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರುವ ಕೆಲಸ ಅದು. ಒಂದು ವಾರವಾದರೂ ನೀರುಣಿಸಬೇಕು. ದೊಡ್ಡ ಹಾಲ್ ಆದರೆ ನಡುವೆ ಪಟ್ಟಿ ಕೊಟ್ಟು ಭಾಗ ಮಾಡಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಎಂಟನೇ ಮಹಡಿಯ ಫ್ಲ್ಯಾಟ್‌ನಲ್ಲಿ ಇರುವ ಟೈಲ್ಸ್ ಒಡೆದು ಇದನ್ನು ಮಾಡಿಸುವುದು ನನ್ನ ಮಟ್ಟಿಗೆ ದುಡ್ಡಿನ ಕೊಬ್ಬು.

ತಮಿಳುನಾಡಿನ ಚೆಟ್ಟಿನಾಡಿನ ಆತಂಗುಡಿ ಟೈಲ್ಸ್ ಕೂಡ ಹಾಗೆ. ಗಾಜಿನ ಮೇಲೆ ಬಣ್ಣದ ಸಿಮೆಂಟ್ ಹೊಯ್ದು ಕೈಯಲ್ಲೇ ಮಾಡುವ ಈ ಟೈಲ್ಸನ್ನು ಸುಡುವುದಿಲ್ಲ. ನೋಡಲು ಚಂದ, ಆದರೆ ದಪ್ಪ. ಇರುವ ನೆಲದ ಮೇಲೆ ಹಾಕಿದರೆ ಬಾಗಿಲುಗಳ ಅಡಿ ಕೊಯ್ಯಬೇಕಾಗುತ್ತದೆ. ಸಿಮೆಂಟಿನದಾದ್ದರಿಂದ ಹುಳಿ ಬಿದ್ದರೆ ಕಲೆ ಕೂರುತ್ತದೆ: ನಿಂಬೆಹಣ್ಣು, ಹುಣಸೆ ರಸ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಆಗದು. ಅಡುಗೆಮನೆಗೆ ಬೇಡ, ಬಾಲ್ಕನಿಗೂ ದೇವರ ಮನೆಗೂ ಸೊಗಸು.

ನೆಲ ಚೆನ್ನಾಗಿದ್ದು ಬಣ್ಣ ಮಾತ್ರ ಇಷ್ಟವಿಲ್ಲ ಅಂದರೆ ಒಡೆಸಬೇಡಿ. ಹಾಲ್‌ಗೆ ದೊಡ್ಡದೊಂದು ಜಮಖಾನ ಹಾಸಿ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಸೋಫಾದ ಮುಂಗಾಲು ಅದರ ಮೇಲೆ ಬರುವಷ್ಟು ದೊಡ್ಡದಿರಲಿ. ನಡುಮಧ್ಯೆ ಚಿಕ್ಕದೊಂದು ಹಾಸಿದರೆ ಕೋಣೆಯೂ ಚಿಕ್ಕದಾಗಿ ಕಾಣುತ್ತದೆ.

ಹಂತ 5: ಅಡುಗೆಮನೆ

ಇಲ್ಲಿ ಟ್ರೆಂಡ್‌ಗೂ ನಮ್ಮ ಅಡುಗೆಗೂ ನೇರ ಜಗಳ. ಫೋಟೋದಲ್ಲಿ ಕಾಣುವ ತೆರೆದ ಶೆಲ್ಫು, ಬಿಳಿ ಕಲ್ಲು, ಗೋಡೆಯೇ ಇಲ್ಲದ ಓಪನ್ ಕಿಚನ್ ಎಲ್ಲ ಒಗ್ಗರಣೆ ಇಲ್ಲದ ಊರಿನಿಂದ ಬಂದವು. ಸಾಸಿವೆ ಸಿಡಿಸಿ, ಒಣಮೆಣಸಿನಕಾಯಿ ಹುರಿದರೆ ಘಾಟು ಬೆಡ್‌ರೂಮಿನವರೆಗೂ ಹೋಗುತ್ತದೆ. ತೆರೆದ ಶೆಲ್ಫಿನ ಮೇಲಿಟ್ಟ ಡಬ್ಬಕ್ಕೆ ಒಂದೇ ತಿಂಗಳಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು. ದಿನಾ ಬಳಸುವ ನಾಲ್ಕು ಲೋಟ-ತಟ್ಟೆಗೆ ಒಂದು ತೆರೆದ ಶೆಲ್ಫ್ ಸಾಕು, ಅದೂ ಒಲೆಯಿಂದ ದೂರ. ಓಪನ್ ಕಿಚನ್ ಇಷ್ಟವಾದರೆ ನಡುವೆ ಗಾಜಿನ ಜಾರುಬಾಗಿಲು ಹಾಕಿಸಿ. ಮಾತು ಕೇಳಿಸುತ್ತದೆ, ಘಾಟು ನಿಲ್ಲುತ್ತದೆ.

ಕಟ್ಟೆಯ ಕಲ್ಲು. ಬಿಳಿ ಕ್ವಾರ್ಟ್ಜ್ ನೋಡಲು ಮುದ್ದು. ಅದರಲ್ಲಿ ಕಲ್ಲಿನ ಪುಡಿಯನ್ನು ರೆಸಿನ್‌ನಿಂದ ಅಂಟಿಸಿರುತ್ತಾರೆ, ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಸುಟ್ಟ ಗುರುತು ಉಳಿಯಬಹುದು. ಅರಿಶಿನ ಚೆಲ್ಲಿದರೆ ತಕ್ಷಣ ಒರೆಸಬೇಕು. ನಮ್ಮದೇ ಕಪ್ಪು ಗ್ರಾನೈಟ್ ಇಪ್ಪತ್ತು ವರ್ಷದ ಸಾಲಿಗೆ ಸರಿಯಾದ ವಸ್ತು. ಈಗಿನ ನೋಟ ಬೇಕಿದ್ದರೆ ಅದನ್ನೇ ಹೊಳಪು ತೆಗೆದ ಲೆದರ್ ಫಿನಿಶ್‌ನಲ್ಲಿ ಕೇಳಿ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಇಂಚು, ಆಳ 24 ಇಂಚು. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರನ್ನು ನಿಲ್ಲಿಸಿ ನೋಡಿ, ಮೊಣಕೈ ಮಡಚಿದ ಎತ್ತರಕ್ಕಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಬಂದರೆ ಹೆಗಲು ನೋಯುವುದಿಲ್ಲ. ಕೆಳಗಿನ ಕಪಾಟುಗಳನ್ನು ಬಾಗಿಲಿನ ಬದಲು ಆಳವಾದ ಡ್ರಾಯರ್ ಮಾಡಿಸಿ. ಇದು ಹೊಸ ಟ್ರೆಂಡ್‌ಗಳಲ್ಲೇ ನಿಜವಾಗಿ ಉಪಯೋಗಕ್ಕೆ ಬಂದದ್ದು. ಕುಕ್ಕರ್ ತೆಗೆಯಲು ಕುಕ್ಕುರುಗಾಲಲ್ಲಿ ಕೂತು ತಲೆ ಒಳಗೆ ತೂರಿಸುವ ಕಷ್ಟ ಹೋಗುತ್ತದೆ. ಚಿಮ್ನಿ ಒಲೆಗಿಂತ ಕಿರಿದಾಗಿರಬಾರದು: ಎರಡು ಬರ್ನರಿಗೆ 60 ಸೆಂಟಿಮೀಟರ್, ಮೂರು-ನಾಲ್ಕಕ್ಕೆ 90. ಹೊಗೆ ಕೊಳವೆ ನೇರವಾಗಿ, ಗಿಡ್ಡವಾಗಿ ಹೊರಗೆ ಹೋಗಬೇಕು. ಪ್ರತಿ ತಿರುವಿಗೂ ಎಳೆತ ಕಡಿಮೆ.

ಇನ್ನು ಮರ. ಪ್ಲೈವುಡ್ ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಸಂಖ್ಯೆ ಅಚ್ಚು ಹಾಕಿರುತ್ತಾರೆ. ಐಎಸ್ 710 ಅಂದರೆ ನೀರು ತಡೆಯುವ ಮರೈನ್ ಪ್ಲೈ. ಸಿಂಕ್ ಕೆಳಗೆ, ಯುಟಿಲಿಟಿಯಲ್ಲಿ ಇದೇ ಬೇಕು. ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿನೀರು ತಾಳುವಂಥದ್ದು) ಅಂತ ಇದ್ದರೆ ಉಳಿದ ಕಿಚನ್‌ಗೆ ಸಾಕು, ಎಂಆರ್ (ತೇವ ತಾಳುವಂಥದ್ದು) ಅಂತ ಇದ್ದರೆ ಬೆಡ್‌ರೂಮ್ ವಾರ್ಡ್‌ರೋಬಿಗೆ. ದಪ್ಪ 18 ಮಿಲಿಮೀಟರ್. ಕತ್ತರಿಸುವ ಮೊದಲು ಹಾಳೆ ನೋಡಿ, ಅಚ್ಚಿನ ಫೋಟೋ ತೆಗೆಯಿರಿ. ಸಂಕೋಚ ಬೇಡ, ಒಳ್ಳೆ ಕಾರ್ಪೆಂಟರ್ ಬೇಸರ ಮಾಡಿಕೊಳ್ಳುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮರದ ನಾರು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನಿಂದ ದೂರ ಇರಿ. ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ.

ಬಾಗಿಲುಗಳಿಗೆ ಹೊಳಪಿಲ್ಲದ ಲ್ಯಾಮಿನೇಟ್ ಈಗ ಎಲ್ಲೆಡೆ ಸಿಗುತ್ತದೆ. ತೀರಾ ಕಡುಬಣ್ಣದ ಮ್ಯಾಟ್ ಮೇಲೆ ಬೆರಳಿನ ಜಿಡ್ಡು ಎದ್ದು ಕಾಣುತ್ತದೆ, ತಿಳಿ ಮರದ ಬಣ್ಣವೋ ಮಾಸಲು ಹಸಿರೋ ವಾಸಿ. ಕಪ್ಪು ನಲ್ಲಿಗಳಿಗೆ ಮನಸೋಲುವ ಮೊದಲು ನಿಮ್ಮ ನೀರು ಯಾವುದು ಅಂತ ಯೋಚಿಸಿ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಬಿಳಿ ಉಪ್ಪಿನ ಕಲೆ ದಿನಾ ಒರೆಸುವ ಕೆಲಸ ಆಗುತ್ತದೆ.

ಹಂತ 6: ವಾರ್ಡ್‌ರೋಬ್, ದೇವರ ಮನೆ

ವಾರ್ಡ್‌ರೋಬಿಗೆ 24 ಇಂಚು ಆಳ, ಜಾರುಬಾಗಿಲಾದರೆ ಇನ್ನೆರಡು-ಮೂರು ಇಂಚು ಜಾಸ್ತಿ. ಬೆತ್ತದ ಹೆಣಿಗೆಯ ಬಾಗಿಲು ಈ ವರ್ಷವೂ ಇದೆ. ಒಳಗೆ ಗಾಳಿ ಆಡುತ್ತದೆ, ಆದರೆ ಧೂಳೂ ಹೋಗುತ್ತದೆ. ಮಲೆನಾಡು-ಕರಾವಳಿಯಲ್ಲಿ ಬೂಸ್ಟು ಹಿಡಿಯುತ್ತದೆ. ಒಂದು ಚಿಕ್ಕ ಕಪಾಟಿಗೆ, ಚಪ್ಪಲಿ ಸ್ಟ್ಯಾಂಡಿಗೆ ಹಾಕಿ ನೋಡಿ, ರೇಷ್ಮೆ ಸೀರೆಯ ಬೀರುವಿಗೆ ಬೇಡ.

ದೇವರ ಮನೆಗೆ ಜಾಲಿ ಬಾಗಿಲು ಚೆನ್ನ, ಕರ್ಪೂರದ ಹೊಗೆ ಹೊರಗೆ ಹೋಗಬೇಕಲ್ವಾ? ದೀಪದ ನೇರ ಮೇಲೆ ಪ್ಲೈವುಡ್ ಕಪಾಟು ಬರಬಾರದು. ಹಿಂಗೋಡೆಗೆ ಕಲ್ಲು ಅಥವಾ ಟೈಲ್ಸ್ ಇರಲಿ, ಎಣ್ಣೆ ಮಸಿ ಒರೆಸಬಹುದು.

ಹಂತ 7: ಗೋಡೆ

ಬಣ್ಣ ಆರಿಸುವುದು ಮೊದಲು, ಬಳಿಯುವುದು ಕೊನೆಗೆ. ಮರಗೆಲಸದ ಧೂಳೆಲ್ಲ ಅಡಗಿದ ಮೇಲೆಯೇ ಕೊನೆಯ ಕೋಟಿಂಗ್.

ಲೈಮ್‌ವಾಶ್ ಅಂತ ಮಾರುತ್ತಿರುವುದು ಮೂಲದಲ್ಲಿ ನಮ್ಮ ಸುಣ್ಣವೇ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಗೋಡೆಯ ಮೇಲೆ ಮೋಡದಂಥ ನೆರಳು-ಬೆಳಕು ಕಾಣುತ್ತದೆ. ಕ್ಷಾರ ಇರುವುದರಿಂದ ಬೂಸ್ಟು ಕೂಡ ಬೇಗ ಹಿಡಿಯದು. ಆದರೆ ಸುಣ್ಣ ಗೋಡೆಗೆ ಹಿಡಿಯಲು ನೀರು ಹೀರುವ ಗಾರೆ ಬೇಕು. ಫ್ಲ್ಯಾಟಿನ ಗೋಡೆಯ ಮೇಲೆ ಆಗಲೇ ಅಕ್ರಿಲಿಕ್ ಪುಟ್ಟಿ, ಎಮಲ್ಷನ್ ಇದ್ದರೆ ನೇರ ಬಳಿದ ಸುಣ್ಣ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ಬೇರೆ ಪ್ರೈಮರ್ ಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಡಬ್ಬಗಳಲ್ಲಿ ಸುಣ್ಣವೇ ಇರುವುದಿಲ್ಲ, ಸುಣ್ಣದ ಹಾಗೆ ಕಾಣುವ ಪೇಂಟು ಇರುತ್ತದೆ. ನೋಟ ಮಾತ್ರ ಬೇಕಿದ್ದರೆ ಅದೂ ಪರವಾಗಿಲ್ಲ, ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿದ್ದರೆ ಸಾಕು. ಮೊದಲು ಒಂದೇ ಗೋಡೆಗೆ ಮಾಡಿಸಿ. ಮಕ್ಕಳ ಕೈ ತಾಗುವ ಪ್ಯಾಸೇಜಿಗೆ ಬೇಡ, ಒರೆಸಿದರೆ ಕಲೆ ಇನ್ನೂ ಹರಡುತ್ತದೆ.

ಗೋಡೆ, ಚಾವಣಿ, ಬಾಗಿಲು ಎಲ್ಲಕ್ಕೂ ಒಂದೇ ಬಣ್ಣ ಬಳಿಯುವುದು ಇನ್ನೊಂದು ಹೊಸ ಅಲೆ. ದೊಡ್ಡ ಹಾಲ್‌ಗಿಂತ ಇದು ಚಿಕ್ಕ ಕೋಣೆಗೇ ಚೆನ್ನಾಗಿ ಒಪ್ಪುತ್ತದೆ: ಓದುವ ಕೋಣೆ, ವಾಶ್‌ಬೇಸಿನ್ ಮೂಲೆ. ಉಳಿದ ಮನೆಗೆ ಬೆಣ್ಣೆ ಬಿಳಿ, ಮರಳಿನ ಬಣ್ಣ, ತಿಳಿ ಕಾವಿ. ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬ ತಂದು ಎರಡಡಿಗೆ ಎರಡಡಿ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಗೋಡೆಯಲ್ಲಿ ತೇವ ಇದ್ದರೆ ಮೊದಲು ಸೋರುವ ಜಾಗ ಹುಡುಕಿ ಸರಿಮಾಡಿಸಿ. ಅದರ ಮೇಲೆ ಯಾವ ದುಬಾರಿ ಪೇಂಟೂ ನಿಲ್ಲುವುದಿಲ್ಲ.

ಟಿವಿ ಹಿಂದೆ ಉದ್ದುದ್ದ ಗೀರುಗಳ ಫ್ಲೂಟೆಡ್ ಪ್ಯಾನಲ್ ಹಾಕಿಸುವ ಹುಚ್ಚು ಇನ್ನೂ ಇಳಿದಿಲ್ಲ. ನನಗಂತೂ ಅದು ಬೇಡ. ಪ್ರತಿ ಗೀರಿನಲ್ಲೂ ಧೂಳು ಕೂರುತ್ತದೆ, ಬ್ರಷ್ ಹಿಡಿದು ಕೂರಬೇಕು. ಎಲ್ಲರ ಮನೆಯಲ್ಲೂ ಇರುವುದರಿಂದ ಇನ್ನೆರಡು ವರ್ಷಕ್ಕೆ ಇದೇ ಹಳೇ ಮನೆಯ ಗುರುತಾಗುತ್ತದೆ.

ಹಂತ 8: ಪರದೆ, ಕುರ್ಚಿ, ಕೈಕೆಲಸ

ಪರದೆಯಲ್ಲಿ ಜಿಪುಣತನ ಮಾಡಿದರೆ ಇಡೀ ಕೋಣೆ ಬಡಕಲಾಗಿ ಕಾಣುತ್ತದೆ. ಲೆಕ್ಕ ಸುಲಭ. ಕಿಟಕಿ ಆರಡಿ ಅಗಲ ಇದ್ದರೆ ಬಟ್ಟೆ ಕನಿಷ್ಠ ಅದರ ಎರಡರಷ್ಟು, ಹನ್ನೆರಡು ಅಡಿ ಬೇಕು. 48 ಇಂಚು ಪನ್ನಾದ ಬಟ್ಟೆಯಾದರೆ ಮೂರು ತುಂಡು. ರಾಡನ್ನು ಕಿಟಕಿಗಿಂತ ಆರೆಂಟು ಇಂಚು ಮೇಲೆ, ಎರಡೂ ಬದಿ ಅಷ್ಟೇ ಹೊರಗೆ ಹಾಕಿಸಿ, ಪರದೆ ನೆಲ ಮುಟ್ಟಲಿ. ಹತ್ತಿ ಬಟ್ಟೆಯಾದರೆ ಹೊಲಿಸುವ ಮೊದಲು ನೀರಲ್ಲಿ ಅದ್ದಿ ಒಣಗಿಸಿ. ಆಮೇಲೆ ಕುಗ್ಗಿದರೆ ಗಿಡ್ಡ ಪ್ಯಾಂಟಿನಂತೆ ನೇತಾಡುತ್ತದೆ.

ಬಾಗಿದ ಸೋಫಾ ಫೋಟೋದಲ್ಲಿ ಚಂದ. ಹತ್ತಡಿ ಅಗಲದ ಹಾಲ್‌ನಲ್ಲಿ ಅದರ ಹಿಂದೆ ಯಾರಿಗೂ ಬೇಡದ ಜಾಗ ಉಳಿಯುತ್ತದೆ. ನೇರ ಸೋಫಾ ಇಟ್ಟು, ದುಂಡು ಟೀಪಾಯಿ, ದುಂಡು ಕನ್ನಡಿ ತನ್ನಿ, ಅದೇ ಮೃದು ನೋಟ ಬರುತ್ತದೆ. ಅಜ್ಜನ ಕಾಲದ ತೇಗದ ಕುರ್ಚಿಯೋ ದಿವಾನವೋ ಊರಿನ ಅಟ್ಟದಲ್ಲಿದ್ದರೆ ತಂದು ಪಾಲಿಶ್ ಮಾಡಿಸಿ, ಬೆತ್ತ ಹೊಸದಾಗಿ ಹೆಣೆಸಿ.

ಈ ವರ್ಷದ ಕೈಮಗ್ಗ-ಕೈಕೆಲಸದ ಟ್ರೆಂಡಿಗೆ ನಾವು ಹೊರಗೆ ಹುಡುಕಬೇಕಾಗಿಲ್ಲ. ಗುಳೇದಗುಡ್ಡದ ಖಣ ಕುಶನ್ ಕವರಿಗೆ ಹೇಳಿ ಮಾಡಿಸಿದ ಬಟ್ಟೆ. ಪನ್ನ ಕಡಿಮೆ, ಚಿಕ್ಕ ಕುಶನ್‌ಗೆ ಸರಿಹೋಗುತ್ತದೆ. ಉತ್ತರ ಕರ್ನಾಟಕದ ಕೌದಿ ಹಾಸಿಗೆಯ ಕಾಲಬದಿಗೆ ಹೊದಿಸಿದರೂ ಚಂದ, ಗೋಡೆಗೆ ತೂಗುಹಾಕಿದರೂ ಚಂದ. ಚನ್ನಪಟ್ಟಣದ ಅರಗಿನ ಗುಂಡಿಗಳನ್ನು ಡ್ರಾಯರ್ ಹಿಡಿಕೆ ಮಾಡಿ, ಸಾದಾ ಕಪಾಟಿಗೆ ಜೀವ ಬರುತ್ತದೆ. ಬಣ್ಣ ಬೇಸರವಾದರೆ ಸ್ಕ್ರೂ ಬಿಚ್ಚಿ ಬೇರೆ ಹಾಕಿ. ಬಿದರಿ ಹೂಜಿ ಇದ್ದರೆ ತಿಳಿ ಗೋಡೆಯ ಮುಂದೆ ಒಂಟಿಯಾಗಿ ಇಡಿ. ಹುಣಸೆಹಣ್ಣು, ಪಾಲಿಶ್ ಹಾಕಿ ತಿಕ್ಕಿದರೆ ಅದರ ಕಪ್ಪು ಹೋಗುತ್ತದೆ, ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆ ಇದೆ, ಬೆಲೆಯ ಅಂದಾಜಿಗೆ ಒಮ್ಮೆ ಹೋಗಿ ಬನ್ನಿ. ಎಲ್ಲವನ್ನೂ ಒಂದೇ ಶೋಕೇಸಿಗೆ ತುಂಬಬೇಡಿ.

ಗಿಡಗಳ ಬಗ್ಗೆ ಒಂದೇ ಮಾತು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಒಳಗಿನ ಬೆಳಕಿಗೆ ಹೊಂದಿಕೊಳ್ಳುತ್ತವೆ. ತುಳಸಿಗೆ ನೇರ ಬಿಸಿಲು ಬೇಕು. ಗಾಳಿ ಶುದ್ಧವಾಗುತ್ತದೆ ಅಂತ ಹತ್ತಾರು ಕುಂಡ ತರಬೇಡಿ. ಎಲ್ಲರೂ ಹೇಳುವ 1989ರ ನಾಸಾ ಅಧ್ಯಯನ ಮುಚ್ಚಿದ ಪೆಟ್ಟಿಗೆಯೊಳಗೆ ನಡೆದದ್ದು, ನಮ್ಮ ಹಾಲ್‌ಗೆ ಕಿಟಕಿ ತೆರೆಯುವುದೇ ಮೇಲು.

ಬಾಡಿಗೆ ಮನೆಯವರು ನೇರ ಈ ಹಂತಕ್ಕೇ ಬನ್ನಿ. ಬಲ್ಬ್ ಬದಲಾಯಿಸಿ, ಒಂದು ನೆಲದೀಪ, ಉದ್ದ ಪರದೆ, ಜಮಖಾನ ತನ್ನಿ. ಮನೆ ಬಿಡುವಾಗ ಎಲ್ಲವೂ ಲಾರಿ ಹತ್ತುತ್ತವೆ.

ಹಂತ 9: ಕೊಟೇಶನ್, ಕ್ರಮ, ದುಡ್ಡು

ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಮರಗೆಲಸಕ್ಕೆ ಮುಂಭಾಗದ ಚದರಡಿ ಲೆಕ್ಕ: ಏಳಡಿ ಅಗಲ, ಏಳಡಿ ಎತ್ತರದ ವಾರ್ಡ್‌ರೋಬ್ ಅಂದರೆ 49 ಚದರಡಿ. ಆ ದರದಲ್ಲಿ ಒಳಗಿನ ಡ್ರಾಯರ್ ಎಷ್ಟು, ಲಾಫ್ಟ್ ಸೇರಿದೆಯಾ, ಹಿಡಿಕೆ ಯಾರದು, ಕೀಲು ಯಾವ ಕಂಪನಿಯದು, ಕಸ ಸಾಗಿಸುವವರು ಯಾರು, ಜಿಎಸ್‌ಟಿ ಒಳಗೋ ಹೊರಗೋ ಎಲ್ಲ ಬರಹದಲ್ಲಿರಲಿ. ಅಪಾರ್ಟ್‌ಮೆಂಟ್ ಸಂಘದ ಕೆಲಸದ ಸಮಯ, ಠೇವಣಿ ನಿಯಮ ಮೊದಲೇ ಕೇಳಿಕೊಳ್ಳಿ.

ಕ್ರಮ ಹೀಗೆ: ಒಡೆಯುವುದು, ಪ್ಲಂಬಿಂಗ್ ಮತ್ತು ವೈರಿಂಗ್, ನೆಲ, ಫಾಲ್ಸ್ ಸೀಲಿಂಗ್, ಪುಟ್ಟಿ ಮತ್ತು ಮೊದಲ ಕೋಟ್, ಮರಗೆಲಸ, ದೀಪ, ಕೊನೆಯ ಕೋಟ್, ಪರದೆ. ಎರಡು ಬೆಡ್‌ರೂಮಿನ ಮನೆಗೆ ಎರಡರಿಂದ ಮೂರು ತಿಂಗಳು ಹಿಡಿಯಿರಿ. ಆಷಾಢದಲ್ಲಿ ಗೃಹಪ್ರವೇಶ ಇರುವುದಿಲ್ಲ. ಒಕ್ಕಲಾಗುವ ಆತುರದ ಗಿರಾಕಿಗಳು ಕಡಿಮೆ, ಕೆಲಸಗಾರರು ಸಿಗುವ ಸಾಧ್ಯತೆ ಜಾಸ್ತಿ. ಆದರೆ ಮಳೆಗಾಲ, ಪಾಲಿಶ್ ಮತ್ತು ಪೇಂಟ್ ಒಣಗಲು ಹೆಚ್ಚು ದಿನ ಬಿಡಬೇಕು.

ದುಡ್ಡನ್ನು ಕೆಲಸದ ಹಂತ ನೋಡಿ ಕೊಡಿ, ತಾರೀಖು ನೋಡಿ ಅಲ್ಲ. ಕೊನೆಯ ಹತ್ತು ಪರ್ಸೆಂಟ್ ಕೈಯಲ್ಲೇ ಇರಲಿ. ಮುಗಿಯಿತು ಅಂದ ದಿನ ಪ್ರತಿ ಡ್ರಾಯರ್ ಎಳೆದು, ಪ್ರತಿ ಸ್ವಿಚ್ ಒತ್ತಿ, ಸಿಂಕ್ ತುಂಬಿಸಿ ಒಮ್ಮೆಗೇ ಬಿಟ್ಟು ಕೆಳಗೆ ಸೋರುತ್ತದಾ ನೋಡಿ. ಕುಂದುಗಳ ಪಟ್ಟಿ ಮಾಡಿ, ಅದೆಲ್ಲ ಸರಿಯಾದ ಮೇಲೆ ಉಳಿದ ಹಣ. ಪೇಂಟಿನ ಶೇಡ್ ಸಂಖ್ಯೆ, ಲ್ಯಾಮಿನೇಟ್ ಸಂಖ್ಯೆ, ಟೈಲ್ಸಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ವಾರ್ಡ್‌ರೋಬಿನ ಒಳಬಾಗಿಲಿಗೆ ಅಂಟಿಸಿ. ಉಳಿದ ನಾಲ್ಕು ಟೈಲ್ಸ್ ಮತ್ತು ಅರ್ಧ ಲೀಟರ್ ಪೇಂಟನ್ನು ಕೆಲಸಗಾರರು ಹೊತ್ತೊಯ್ಯುವ ಮೊದಲು ಲಾಫ್ಟಿಗೆ ಎತ್ತಿಡಿ.